ಸತ್ತ ಓವರ್‌ಡ್ರೈವ್ ಪೆಡಲ್ 600 ರೂಪಾಯಿಗೆ ತಂದು ರಿಪೇರಿ ಮಾಡಿದ್ದು

ಹೋದ ತಿಂಗಳು ಹಸಿರು ಬಣ್ಣದ ಒಂದು ಓವರ್‌ಡ್ರೈವ್ ಪೆಡಲ್ ನನ್ನ ಕೈಗೆ ಬಂತು, ಅಂದರೆ ಗಿಟಾರಿಗೂ ಆಂಪ್ಲಿಫೈಯರಿಗೂ (ಆಂಪ್) ನಡುವೆ ಇಟ್ಟು, ಕಾಲಲ್ಲಿ ಒತ್ತಿದರೆ ದನಿಯನ್ನು ಒಡೆದು ಗರಗರ ಮಾಡುವ ಸಣ್ಣ ಡಬ್ಬಿ. ಹೊಸದಾದರೆ ಎರಡೂವರೆ ಸಾವಿರದ ಆಸುಪಾಸು. ಮಾರಿದ ಹುಡುಗ 600 ರೂಪಾಯಿಗೆ ಕೊಟ್ಟ, ಯಾಕೆಂದರೆ ಅದು ಸತ್ತುಹೋಗಿತ್ತು. "ಅಣ್ಣ, ಮೊನ್ನೆವರೆಗೂ ಚೆನ್ನಾಗಿತ್ತು. ಕೀಬೋರ್ಡಿನ ಅಡಾಪ್ಟರ್ ಚುಚ್ಚಿದೆ, ಆಮೇಲೆ ಸೌಂಡೇ ಇಲ್ಲ" ಎಂದ. ಆ ಮಾತು ಕೇಳಿದ ಮೇಲೆ ಚೌಕಾಸಿ ಮಾಡಲಿಲ್ಲ, ದುಡ್ಡು ಕೊಟ್ಟು ತಂದುಬಿಟ್ಟೆ. ಕಾಯಿಲೆ ಏನು ಅಂತ ಅರ್ಧ ಅಲ್ಲೇ ಗೊತ್ತಾಗಿತ್ತು.

ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟಿನವು. ಅಡಾಪ್ಟರ್ ಪಿನ್ನಿನ ಒಳಗಡೆ ಮೈನಸ್, ಹೊರಗಿನ ಸುತ್ತಿನಲ್ಲಿ ಪ್ಲಸ್. ಕೀಬೋರ್ಡುಗಳ ಜೊತೆ ಬರುವ ಎಷ್ಟೋ ಅಡಾಪ್ಟರ್‌ಗಳು ಇದಕ್ಕೆ ಉಲ್ಟಾ. 12 ವೋಲ್ಟ್ ಇರುತ್ತದೆ, ಒಳಗೆ ಪ್ಲಸ್ ಇರುತ್ತದೆ. ಪಿನ್ ಮಾತ್ರ ಎರಡಕ್ಕೂ ಚೆನ್ನಾಗಿ ಕೂರುತ್ತದೆ. ಚುಚ್ಚಿದವನಿಗೆ ತಪ್ಪಾಗಿದೆ ಅಂತ ಅನ್ನಿಸುವುದೇ ಇಲ್ಲ.

ಮೊದಲ ಸಂಜೆ

ಮುಚ್ಚಳ ತೆಗೆಯುವ ಮೊದಲು ಹೊರಗಿನಿಂದಲೇ ನೋಡಿದೆ. ಗಿಟಾರ್ ಒಂದು ಕಡೆ, ಆಂಪ್ ಇನ್ನೊಂದು ಕಡೆ. ಕಾಲಿನ ಸ್ವಿಚ್ ಆಫ್ ಇದ್ದಾಗ ಗಿಟಾರಿನ ಸಾದಾ ದನಿ ಸಲೀಸಾಗಿ ಬಂತು. ಅಂದರೆ ಜಾಕ್‌ಗಳು, ವೈರ್‌ಗಳು, ಸ್ವಿಚ್ ಎಲ್ಲ ಸರಿ ಇವೆ. ಇದರಲ್ಲಿ ಇರುವುದು ಒಂಬತ್ತು ಕಾಲಿನ ನೀಲಿ ಸ್ವಿಚ್. ಆಫ್ ಮಾಡಿದರೆ ಸಿಗ್ನಲ್ ಬೋರ್ಡಿಗೆ ಹೋಗದೆ ನೇರವಾಗಿ ಆಚೆ ಹೋಗುತ್ತದೆ, ಕರೆಂಟೇ ಬೇಕಿಲ್ಲ. ನನ್ನ ಸರಿಯಾದ 9 ವೋಲ್ಟ್ ಅಡಾಪ್ಟರ್ ಹಾಕಿ ಆನ್ ಮಾಡಿದೆ. ಪೂರ್ತಿ ಮೌನ. ಎಲ್‌ಇಡಿ ಕೂಡ ಹತ್ತಲಿಲ್ಲ.

ಅಷ್ಟರಲ್ಲಿ ಅಡಾಪ್ಟರ್ ಒಳಗಿನಿಂದ ಟಿಕ್, ಟಿಕ್, ಟಿಕ್ ಅಂತ ಸಣ್ಣ ಸದ್ದು ಶುರುವಾಯಿತು. ಈ ಸದ್ದು ಕೇಳಿದರೆ ಕೂಡಲೇ ಕಿತ್ತುಬಿಡಬೇಕು. ಮುಂದೆ ಎಲ್ಲೋ ಶಾರ್ಟ್ ಆಗಿದೆ, ಅಡಾಪ್ಟರ್ ತನ್ನನ್ನು ತಾನು ಆಫ್ ಮಾಡಿಕೊಂಡು ಮತ್ತೆ ಮತ್ತೆ ಏಳಲು ನೋಡುತ್ತಿದೆ ಅಂತ ಅರ್ಥ.

ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ನೋಡಿ ಖುಷಿಯಾಯಿತು. ಕಾಲಿರುವ ದೊಡ್ಡ ಪಾರ್ಟ್‌ಗಳೇ ಇವೆ, ಸಾಸಿವೆ ಕಾಳಿನಂಥ ಚಿಪ್ ರೆಸಿಸ್ಟರ್‌ಗಳಲ್ಲ. ಡಿಸಿ ಜಾಕ್‌ನ (ಅಡಾಪ್ಟರ್ ಚುಚ್ಚುವ ಜಾಗ) ಎರಡು ವೈರ್ ಬೋರ್ಡಿಗೆ ಸೇರುವ ಕಡೆ ಒಂದು ಕಪ್ಪು ಡಯೋಡ್. ಅದರ ಕೆಳಗೆ ಬೋರ್ಡಿನ ಬಣ್ಣ ಕಂದಾಗಿತ್ತು, ಮೂಗಿಗೆ ಹಿಡಿದರೆ ಸುಟ್ಟ ವಾಸನೆ ಇನ್ನೂ ಇತ್ತು. ಮಲ್ಟಿಮೀಟರನ್ನು ಬೀಪ್‌ಗೆ (ನಡುವೆ ಅಡ್ಡಿ ಇಲ್ಲದಿದ್ದರೆ ಕೂಗುವ ಕಡೆಗೆ) ಇಟ್ಟು ಡಯೋಡಿನ ಎರಡು ಕಾಲಿಗೆ ಮುಟ್ಟಿಸಿದೆ. ಬೀಪ್. ಪ್ರೋಬ್ ಅದಲು ಬದಲು ಮಾಡಿದೆ. ಆಗಲೂ ಬೀಪ್. ಚೆನ್ನಾಗಿರುವ ಡಯೋಡ್ ಒಂದು ದಿಕ್ಕಿಗೆ ಮಾತ್ರ ಬಿಡುತ್ತದೆ, ಅದೂ ಬೀಪ್ ಬರುವಷ್ಟಲ್ಲ.

ಈ ಡಯೋಡ್ ಅಲ್ಲಿರುವುದೇ ಇಂಥ ದಿನಕ್ಕೆ. ಅದನ್ನು ಪ್ಲಸ್ಸಿಗೂ ಗ್ರೌಂಡಿಗೂ ಅಡ್ಡಲಾಗಿ, ಪಟ್ಟೆ ಇರುವ ಕಡೆ ಪ್ಲಸ್ಸಿಗೆ ಬರುವಂತೆ ಕೂರಿಸಿರುತ್ತಾರೆ. ಸರಿಯಾದ ಅಡಾಪ್ಟರ್ ಹಾಕಿದರೆ ಅದು ಸುಮ್ನೆ ಇರುತ್ತದೆ. ಉಲ್ಟಾ ಹಾಕಿದರೆ ಎಲ್ಲ ಕರೆಂಟನ್ನೂ ತನ್ನ ಮೂಲಕವೇ ಎಳೆದುಕೊಂಡು, ಒಳಗೆ ಒಂದು ವೋಲ್ಟಿನ ಹತ್ತಿರಕ್ಕಿಂತ ಜಾಸ್ತಿ ಉಲ್ಟಾ ವೋಲ್ಟೇಜ್ ಹೋಗದ ಹಾಗೆ ತಡೆಯುತ್ತದೆ. ಕಷ್ಟ ಏನೆಂದರೆ ಅಷ್ಟು ಕರೆಂಟ್ ತಡೆದುಕೊಳ್ಳುವ ಶಕ್ತಿ ಒಂದು ಆಂಪಿಯರ್ ಡಯೋಡಿಗೆ ಇಲ್ಲ. ಕೆಲವು ಕ್ಷಣದಲ್ಲೇ ಒಳಗೆ ಕರಗಿ ಶಾರ್ಟ್ ಆಗಿ ಸಾಯುತ್ತದೆ. ಆಮೇಲೆ ಸರಿಯಾದ ಅಡಾಪ್ಟರ್ ಹಾಕಿದರೂ ಪ್ಲಸ್ ಸೀದಾ ಗ್ರೌಂಡಿಗೆ.

ಡಯೋಡಿನ ಒಂದು ಕಾಲನ್ನು ಬಿಸಿ ಮಾಡಿ ಎತ್ತಿದೆ. ಮತ್ತೆ ಜಾಕ್‌ಗೆ ಮೀಟರ್ ಇಟ್ಟೆ. ಬೀಪ್ ಇಲ್ಲ. 9 ವೋಲ್ಟ್ ಬ್ಯಾಟರಿ ಸಿಕ್ಕಿಸಿ ಸ್ವಿಚ್ ಒತ್ತಿದೆ. ಕೆಂಪು ಎಲ್‌ಇಡಿ ಹತ್ತಿತು. ಒಂದು ತಂತಿ ಮೀಟಿದೆ, ಆಂಪ್‌ನಿಂದ ಗರ್ರ್ ಅಂತ ದನಿ ಬಂತು. ರಾತ್ರಿ ಹತ್ತೂವರೆಯಾಗಿತ್ತು, ಆದರೂ ಇನ್ನೊಂದು ಸಲ ಮೀಟದೆ ಇರಲು ಆಗಲಿಲ್ಲ.

ಶನಿವಾರ, ಎಸ್.ಪಿ. ರೋಡ್

ಬೇಕಿದ್ದದ್ದು ಒಂದು ಡಯೋಡ್. ಆದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಒಂದೇ ಡಯೋಡ್ ತರುವುದು ಹೇಗೆ? ಡಯೋಡ್‌ಗಳಲ್ಲಿ 1ಎನ್4007 ಹತ್ತು, 1ಎನ್5817 ಎರಡು, 4148 ಹತ್ತು, ಕೆಂಪು ಎಲ್‌ಇಡಿ ನಾಲ್ಕು, ಎಂಟು ಕಾಲಿನ ಐಸಿ ಬೇಸ್ (ಐಸಿ ಕೂರಿಸುವ ಸಾಕೆಟ್) ಮೂರು, ಸಿಗ್ನಲ್ ದೊಡ್ಡದು ಮಾಡುವ 4558 ಐಸಿ ಎರಡು. 4558 ಅಂದ ಕೂಡಲೇ ಅಂಗಡಿಯವರು, "ಬೇಸ್ ಟ್ರೆಬಲ್ ಬೋರ್ಡಿಗಾ ಸಾರ್?" ಅಂತ ಕೇಳಿದರು. ಅಲ್ಲ, ಗಿಟಾರ್ ಪೆಡಲ್‌ಗೆ ಎಂದೆ. ತಲೆ ಆಡಿಸಿ ಅದೇ ಡಬ್ಬಿಯಿಂದ ತೆಗೆದು ಕೊಟ್ಟರು. ಎಲ್ಲ ಸೇರಿ ನೂರು ರೂಪಾಯಿ ಆಗಲಿಲ್ಲ.

ಅವರು ಕೇಳಿದ್ದು ಸರಿಯೇ. ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುವವರು ಕೊಳ್ಳುವ ಬೇಸ್ ಟ್ರೆಬಲ್ ಬೋರ್ಡುಗಳಲ್ಲಿ ಇರುವುದು ಇದೇ 4558. ಪ್ರಪಂಚದ ಗಿಟಾರಿಸ್ಟ್‌ಗಳು ಹುಡುಕಿಕೊಂಡು ಹೋಗುವ ಟ್ಯೂಬ್ ಸ್ಕ್ರೀಮರ್ ಪೆಡಲ್‌ನ ಹೊಟ್ಟೆಯಲ್ಲಿ ಇರುವುದೂ ಇದರ ಜಪಾನಿ ಅಣ್ಣತಮ್ಮ, ಜೆಆರ್‌ಸಿ4558ಡಿ. ಆ ಪೆಡಲ್‌ನ ಸರ್ಕ್ಯೂಟ್ ಮಾಡಿದವರು ಸುಸುಮು ತಮುರಾ. ತಯಾರಿಸಿದ್ದು ಮ್ಯಾಕ್ಸನ್, ಮಾರಿದ್ದು ಐಬನೆಜ್ ಹೆಸರಿನಲ್ಲಿ. ಹಸಿರು ಡಬ್ಬಿಯ ಟಿಎಸ್808 ಬಂದದ್ದು 1979ರ ಸುಮಾರಿಗೆ, ಟಿಎಸ್9 ಬಂದದ್ದು 1982ರಲ್ಲಿ. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಕಾಲ ಕೆಳಗೆ ಇದ್ದ ಪೆಡಲ್ ಅಂತ ಇದಕ್ಕೆ ಇನ್ನಷ್ಟು ಹೆಸರು ಬಂತು. ಇವತ್ತು ಕಡಿಮೆ ಬೆಲೆಗೆ ಸಿಗುವ ಹಸಿರು ಓವರ್‌ಡ್ರೈವ್‌ಗಳಲ್ಲಿ ಬಹಳಷ್ಟು ಅದೇ ಸರ್ಕ್ಯೂಟಿನ ನಕಲು. ನನ್ನದೂ ಅದೇ.

ಹೊಸ ಡಯೋಡ್ ಕೂರಿಸುವುದು ಐದು ನಿಮಿಷದ ಕೆಲಸ. 25 ವ್ಯಾಟ್ ಬೆಸುಗೆ ಐರನ್, ಪಟ್ಟೆ ಪ್ಲಸ್ ಕಡೆಗೆ, ಮುಗಿಯಿತು. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿದೆ, ಹೋಯಿತು.

ಮೀಟರ್ ಹೇಳಿದ ಸುಳ್ಳು

ಉಲ್ಟಾ ಕರೆಂಟ್ ತಿಂದ ಬೋರ್ಡ್ ಅಲ್ವಾ, ಒಮ್ಮೆ ಎಲ್ಲ ಕಡೆ ವೋಲ್ಟೇಜ್ ನೋಡಿಬಿಡೋಣ ಅಂತ ಕೂತೆ. ಐಸಿಯ 8ನೇ ಕಾಲಿನಲ್ಲಿ 9.0. 4ನೇ ಕಾಲಿನಲ್ಲಿ 0. 1 ಮತ್ತು 7ರಲ್ಲಿ 4.5. ಬಹಳ ಚೆನ್ನಾಗಿದೆ. ಈ ಸರ್ಕ್ಯೂಟಿನಲ್ಲಿ 10 ಕೆ (ಕೆ ಅಂದರೆ ಸಾವಿರ ಓಮ್) ರೆಸಿಸ್ಟರ್ ಎರಡು ಸೇರಿ 9 ವೋಲ್ಟನ್ನು ಅರ್ಧ ಮಾಡುತ್ತವೆ, ಸಿಗ್ನಲ್ ಆ 4.5ರ ಸುತ್ತ ಮೇಲೆ ಕೆಳಗೆ ಆಡುತ್ತದೆ.

ಆಮೇಲೆ ಗಿಟಾರ್ ಸಿಗ್ನಲ್ ಮೊದಲು ಬಂದು ಸೇರುವ ಟ್ರಾನ್ಸಿಸ್ಟರ್ ನೋಡಿದೆ. ಅದರ ಮೂರು ಕಾಲಿನಲ್ಲಿ ಸಿಗ್ನಲ್ ಒಳಗೆ ಬರುವುದು ಬೇಸ್, ಆಚೆ ಹೋಗುವುದು ಎಮಿಟರ್. ಎಮಿಟರ್ 3.3 ವೋಲ್ಟ್. ಬೇಸ್ ಕಾಲಿನಲ್ಲಿ 2.7. ಇದು ಆಗುವ ಮಾತಲ್ಲ. ಇಂಥ (ಎನ್‌ಪಿಎನ್) ಟ್ರಾನ್ಸಿಸ್ಟರ್ ಕೆಲಸ ಮಾಡುತ್ತಿದ್ದರೆ ಬೇಸ್ ಕಾಲು ಎಮಿಟರ್‌ಗಿಂತ ಸುಮಾರು 0.6 ವೋಲ್ಟ್ ಮೇಲೆ ಇರಬೇಕು. ಇಲ್ಲಿ ಕೆಳಗಿದೆ. ಟ್ರಾನ್ಸಿಸ್ಟರ್ ಹೋಗಿದೆ ಅಂತ ಐರನ್ ಮತ್ತೆ ಬಿಸಿಗಿಟ್ಟೆ. ಆದರೆ ದನಿ ಚೆನ್ನಾಗಿಯೇ ಬರುತ್ತಿದೆಯಲ್ಲ? ಬೇಸ್ ಕಾಲಿಗೆ ಪ್ರೋಬ್ ಹಿಡಿದುಕೊಂಡೇ ತಂತಿ ಮೀಟಿದೆ, ಆಗಲೂ ದನಿ ಬಂತು.

ಅರ್ಧ ಗಂಟೆ ಆದ ಮೇಲೆ ಹೊಳೆಯಿತು. ಬೇಸ್ ಕಾಲಿಗೆ ವೋಲ್ಟೇಜ್ ಬರುವುದು 510 ಕೆ ರೆಸಿಸ್ಟರ್ ಮೂಲಕ. ನನ್ನ ಹಳದಿ ಮೀಟರ್ ಅಗ್ಗದ್ದು, ಅದರ ಒಳಗಿನ ರೆಸಿಸ್ಟೆನ್ಸ್ ಒಂದು ಮೆಗಾಓಮ್ ಮಾತ್ರ. ಅಳೆಯಲು ಮುಟ್ಟಿಸಿದ ಕೂಡಲೇ ಅದೇ ವೋಲ್ಟೇಜನ್ನು ಕೆಳಗೆ ಜಗ್ಗುತ್ತಿದೆ. ಎಮಿಟರ್ ಅಳೆಯುವಾಗ ಹಾಗಾಗುವುದಿಲ್ಲ, ಅಲ್ಲಿ ಇರುವುದು 10 ಕೆ ಅಷ್ಟೇ. ಅಂದರೆ 3.3 ನಿಜ, 2.7 ಮೀಟರಿನದ್ದೇ ಕೆಲಸ. ಪಕ್ಕದ ಬೀದಿಯ ಗೆಳೆಯನ ಹತ್ತಿರ 10 ಮೆಗಾಓಮ್ ಮೀಟರ್ ಇತ್ತು, ತಂದು ಇಟ್ಟೆ. 3.8 ತೋರಿಸಿತು. ಐರನ್ ಆಫ್ ಮಾಡಿದೆ. ಪೆಡಲ್ ರಿಪೇರಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇನ್ನು ಮೇಲೆ ಇದನ್ನೇ. ದೊಡ್ಡ ರೆಸಿಸ್ಟರ್ ಹಿಂದೆ ಇರುವ ವೋಲ್ಟೇಜನ್ನು ಅಗ್ಗದ ಮೀಟರಿನಲ್ಲಿ ಅಳೆದು ಪಾರ್ಟ್ ಕೀಳಬೇಡಿ.

ಒಳಗೆ ಏನು ನಡೆಯುತ್ತದೆ

ನುಡಿಸುವ ಮೊದಲು ಬೋರ್ಡನ್ನು ದೀಪದ ಕೆಳಗೆ ಹಿಡಿದು ಬಣ್ಣದ ಪಟ್ಟೆ ಓದಿದೆ. ಹಳದಿ, ನೇರಳೆ, ಕೆಂಪು: 4.7 ಕೆ. ಅದರ ಜೊತೆ 473 ಅಂತ ಬರೆದ ಕೆಪಾಸಿಟರ್, ಅಂದರೆ 0.047 ಮೈಕ್ರೋಫ್ಯಾರಡ್. ಹಸಿರು, ಕಂದು, ಕಿತ್ತಳೆ: 51 ಕೆ, ಅದರ ಜೊತೆಗೆ 500 ಕೆ ಡ್ರೈವ್ ಪಾಟ್, ಅಂದರೆ ದನಿ ಎಷ್ಟು ಒಡೆಯಬೇಕು ಅಂತ ಇಡುವ ಗುಬುಟಿನ ಕೆಳಗಿನ ತಿರುಗುವ ರೆಸಿಸ್ಟರ್. ಟ್ಯೂಬ್ ಸ್ಕ್ರೀಮರ್‌ನ ಲೆಕ್ಕವೇ ಒಂದೂ ಬಿಡದೆ ಇದೆ.

ಈ ನಾಲ್ಕು ಪಾರ್ಟ್‌ಗಳಲ್ಲೇ ಪೆಡಲ್‌ನ ಜೀವ ಇರುವುದು. ಡ್ರೈವ್ ಪೂರ್ತಿ ಏರಿಸಿದರೆ ಸಿಗ್ನಲ್ 118 ಪಟ್ಟು ದೊಡ್ಡದಾಗುವಷ್ಟು ಗೇನ್. ಪೂರ್ತಿ ಇಳಿಸಿದರೂ ಹನ್ನೆರಡು ಪಟ್ಟಿನ ಹತ್ತಿರ. ಆದರೆ ಎಲ್ಲ ಸ್ವರಕ್ಕೂ ಅಷ್ಟು ಸಿಗುವುದಿಲ್ಲ. 4.7 ಕೆ ಮತ್ತು ಆ 473 ಸೇರಿ 720 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಗೇನ್ ಇಳಿಸುತ್ತಾ ಹೋಗುತ್ತವೆ. ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಸ್. ಅದಕ್ಕೆ ಸಿಗುವುದು ಸುಮಾರು 13 ಪಟ್ಟು. ಅದೇ ತಂತಿಯ ಮೇಲಿನ ಹಾರ್ಮೋನಿಕ್‌ಗಳಿಗೆ ನೂರರ ಹತ್ತಿರ. ಹಾಗಾಗಿ ಮಂದ್ರ ಹೆಚ್ಚು ಒಡೆಯುವುದಿಲ್ಲ, ಮಧ್ಯದ ಸ್ವರಗಳು ಒಡೆಯುತ್ತವೆ. ಒಡೆಯುವ ಕೆಲಸ ಮಾಡುವುದು ಬೆನ್ನಿಗೆ ಬೆನ್ನು ಹಾಕಿ ಕೂತ 4148 ಡಯೋಡ್ ಜೋಡಿ. ಸಿಗ್ನಲ್ ಸುಮಾರು 0.6 ವೋಲ್ಟ್ ದಾಟಿದರೆ ಅವು ತೆರೆದುಕೊಂಡು ತುದಿಯನ್ನು ಒತ್ತುತ್ತವೆ. ಅದರ ಜೊತೆಗೇ ಗಿಟಾರಿನ ಮೂಲ ಸಿಗ್ನಲ್ ಹಾಗೇ ಬೆರೆತು ಹೊರಗೆ ಬರುತ್ತದೆ, ಈ ಜೋಡಣೆಯ ಗುಣವೇ ಅದು. ಎಷ್ಟೇ ಡ್ರೈವ್ ಏರಿಸಿದರೂ ಪಿಕ್ ತಂತಿಗೆ ತಾಗಿದ್ದು ಕೇಳಿಸುವುದು ಇದರಿಂದಲೇ. ನನಗೆ ಈ ಪೆಡಲ್ ಇಷ್ಟ ಆಗಲು ಅದೇ ಮುಖ್ಯ ಕಾರಣ.

ಒಂದೇ ಒಂದು ಕಡೆ ಉಳಿತಾಯ ಮಾಡಿದ್ದು ಕಂಡಿತು. ಡ್ರೈವ್ ಪಾಟ್ ಮೇಲೆ ಬಿ500ಕೆ ಅಂತ ಇದೆ. ಬಿ ಅಂದರೆ ಸಮನಾಗಿ ಏರುವುದು. ಮೂಲದಲ್ಲಿ ಇರುವುದು ಎ, ನಿಧಾನವಾಗಿ ಶುರುವಾಗಿ ಕೊನೆಗೆ ಜೋರಾಗಿ ಏರುವುದು. ಇದರಿಂದ ನನ್ನ ಪೆಡಲ್‌ನಲ್ಲಿ ಡ್ರೈವ್ ಗುಬುಟನ್ನು ಕಾಲು ಭಾಗ ತಿರುಗಿಸುವಷ್ಟರಲ್ಲೇ ಬದಲಾಗಬೇಕಾದ್ದೆಲ್ಲ ಬದಲಾಗುತ್ತದೆ, ಆಮೇಲೆ ತಿರುಗಿಸಿದರೂ ವ್ಯತ್ಯಾಸ ಅಷ್ಟಕ್ಕಷ್ಟೇ. ಬೆರಳು ಸ್ವಲ್ಪ ನಾಜೂಕಾಗಿ ಇಟ್ಟರೆ ಸಾಕು, ಬದಲಾಯಿಸಲಿಲ್ಲ.

ಮನೆಯಲ್ಲಿ ಒಂದು ದನಿ, ಜಾಮ್ ರೂಮಿನಲ್ಲಿ ಇನ್ನೊಂದು

ನನ್ನದು ಮೂರು ಸಿಂಗಲ್ ಕಾಯಿಲ್ ಪಿಕಪ್‌ನ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಪಾರ್ಟ್) ಗಿಟಾರ್, ಮನೆಯಲ್ಲಿ 15 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್. ಆಂಪ್ ಕ್ಲೀನ್ ಇಟ್ಟು, ಡ್ರೈವ್ ಅರ್ಧ ಏರಿಸಿ ನುಡಿಸಿದೆ. ನಿಜ ಹೇಳಬೇಕೆಂದರೆ ಬೇಜಾರಾಯಿತು. ದನಿ ಮೂಗಿನಿಂದ ಬಂದ ಹಾಗಿತ್ತು. ಮಂದ್ರ ಎಲ್ಲೋ ಹೋಗಿತ್ತು, ಮೇಲಿನ ಹೊಳಪೂ ಇಲ್ಲ. ಇಂಥ ಪೆಡಲ್ ತಂದ ಎಷ್ಟೋ ಜನ ಇಲ್ಲೇ ನಿಲ್ಲುತ್ತಾರೆ. ಅಗ್ಗದ್ದು, ಅದಕ್ಕೇ ಹೀಗೆ ಅಂತ ವಾಪಸ್ ಮಾರಿಬಿಡುತ್ತಾರೆ.

ಮುಂದಿನ ಭಾನುವಾರ ಅದನ್ನೇ ನಮ್ಮ ಬ್ಯಾಂಡ್ ಅಭ್ಯಾಸ ಮಾಡುವ ಜಾಮ್ ರೂಮಿಗೆ ತೆಗೆದುಕೊಂಡು ಹೋದೆ. ಅಲ್ಲಿ ಒಂದು ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿರುವುದು) ಇದೆ. ಜೋರಾಗಿ ಮೀಟಿದರೆ ತಾನೇ ಒಡೆಯಲು ಶುರು ಮಾಡುವಷ್ಟಕ್ಕೆ ಆಂಪ್ ವಾಲ್ಯೂಮ್ ಇಟ್ಟೆ. ಪೆಡಲ್‌ನಲ್ಲಿ ಡ್ರೈವ್ ಪೂರ್ತಿ ಕೆಳಗೆ, ಟೋನ್ ನಡುವೆ, ಲೆವೆಲ್ ಗಡಿಯಾರದ ಎರಡು ಗಂಟೆಯ ಮುಳ್ಳಿನ ಹಾಗೆ. ಮೊದಲು ಪೆಡಲ್ ಇಲ್ಲದೆ ದಪ್ಪ ತಂತಿಯನ್ನು ಅಂಗೈ ಅಂಚಿನಿಂದ ಒತ್ತಿ ಬಾರಿಸಿದೆ. ಸ್ವರ ಹಿಟ್ಟಿನ ಹಾಗೆ ಹರಡಿಕೊಂಡಿತು. ಪೆಡಲ್ ಒತ್ತಿ ಅದನ್ನೇ ಬಾರಿಸಿದೆ. ಪ್ರತಿ ಏಟೂ ಬೇರೆ ಬೇರೆಯಾಗಿ, ಗಟ್ಟಿಯಾಗಿ ಕೇಳಿಸಿತು. ಮಂದ್ರ ಆಂಪ್ ತಲುಪುವ ಮೊದಲೇ ಇಲ್ಲಿ ಹಿಂದೆ ಉಳಿದಿರುತ್ತದೆ, ಆಂಪ್‌ನ ಟ್ಯೂಬ್‌ಗಳಿಗೆ ಒಡೆಯಲು ಸಿಗುವುದು ಮಧ್ಯದ ಸ್ವರಗಳು. ಒಡೆಯುವ ಕೆಲಸ ಹೆಚ್ಚಾಗಿ ಆಂಪ್ ಮಾಡುತ್ತಿದೆ, ಪೆಡಲ್ ಅದನ್ನು ಹಿಂದಿನಿಂದ ನೂಕುತ್ತಿದೆ. ಒಗ್ಗರಣೆಯನ್ನೇ ಅನ್ನಕ್ಕೆ ಕಲಸಿ ತಿಂದ ಹಾಗಿತ್ತು ಮನೆಯಲ್ಲಿ ನಾನು ಮಾಡಿದ್ದು. ಇಲ್ಲಿ ಸಾರು ಇತ್ತು.

ಆಮೇಲೆ ಡ್ರಮ್ಸ್, ಬೇಸ್ ಗಿಟಾರ್ ಸೇರಿಕೊಂಡವು. ಮನೆಯಲ್ಲಿ ಮೂಗಿನ ದನಿ ಅನ್ನಿಸಿದ್ದು ಇಲ್ಲಿ ಎಲ್ಲರ ನಡುವೆ ತನ್ನ ಜಾಗ ಹುಡುಕಿಕೊಂಡಿತು. ಕೆಳಗೆ ಬೇಸ್ ಗಿಟಾರ್, ಮೇಲೆ ಸಿಂಬಲ್, ನಡುವಿನ ಜಾಗ ಗಿಟಾರಿಗೆ. ಡ್ರಮ್ಸ್ ಬಾರಿಸುವ ಗೆಳೆಯ ಹಾಡು ಮುಗಿದ ಮೇಲೆ, "ಮಗಾ, ಇವತ್ತು ನಿನ್ನ ಗಿಟಾರ್ ನನಗೆ ಕೇಳಿಸ್ತಿದೆ" ಎಂದ. ವಾಲ್ಯೂಮ್ ಹೋದ ವಾರ ಇದ್ದಷ್ಟೇ ಇತ್ತು.

ಡಯೋಡ್ ಬದಲಾಯಿಸಿ ನೋಡಿದ್ದು

ಇಲ್ಲಿಗೆ ಬಿಡಬಹುದಿತ್ತು. ಆದರೆ ತಂದ ಡಯೋಡ್‌ಗಳು ಮೇಜಿನ ಮೇಲೆ ಇದ್ದವು. ಹಳೆಯ 4148 ಜೋಡಿ ಕಿತ್ತೆ. ಅದರ ಜಾಗದಲ್ಲಿ, ಐಸಿ ಬೇಸ್ ಒಂದನ್ನು ಕಟ್ಟರ್‌ನಿಂದ ತುಂಡು ಮಾಡಿ ತೆಗೆದ ಬಿಡಿ ಪಿನ್‌ಗಳನ್ನು ಬೆಸುಗೆ ಹಾಕಿದೆ. ಈಗ ಐರನ್ ಇಲ್ಲದೆ ಡಯೋಡ್ ಚುಚ್ಚಿ, ಕಿತ್ತು, ಮತ್ತೊಂದು ಚುಚ್ಚಿ ನೋಡಬಹುದು. ಬೋರ್ಡಿನ ತಾಮ್ರದ ಪಟ್ಟಿ ತೆಳುವಾಗಿತ್ತು, ಒಂದು ಕಡೆ ಜಾಸ್ತಿ ಹೊತ್ತು ಬಿಸಿ ಮಾಡಿದ್ದಕ್ಕೆ ಎದ್ದು ಬಂತು. ಡಯೋಡಿನ ಕತ್ತರಿಸಿದ ಕಾಲನ್ನೇ ತಂತಿಯಾಗಿ ಬಗ್ಗಿಸಿ ಪಕ್ಕದ ಜಾಗಕ್ಕೆ ಸೇರಿಸಿದೆ. ಅಗ್ಗದ ಬೋರ್ಡಿನಲ್ಲಿ ಒಂದು ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಐರನ್ ಇಡಬಾರದು.

ಮೊದಲು ಎರಡು ಕೆಂಪು ಎಲ್‌ಇಡಿ ಹಾಕಿದೆ. ಅವು ತೆರೆದುಕೊಳ್ಳುವುದು 1.7 ವೋಲ್ಟಿನ ಸುಮಾರಿಗೆ. ದನಿ ಒಮ್ಮೆಲೇ ಜೋರಾಯಿತು, ಒಡೆತ ಕಡಿಮೆಯಾಯಿತು. ಜೋರಾಗಿ ಬಾರಿಸಿದಾಗ ಮಾತ್ರ ಒಡೆಯುತ್ತದೆ, ಆಗ ಡಬ್ಬಿಯ ಒಳಗೆ ಎಲ್‌ಇಡಿಗಳು ಸ್ವರದ ಜೊತೆ ಮಿಣುಕುತ್ತವೆ. ನೋಡಲು ಬಹಳ ಚಂದ. ಆದರೆ ನನ್ನ ಸಿಂಗಲ್ ಕಾಯಿಲ್ ಗಿಟಾರಿಗೆ ಅದು ಒಣ ಒಣ ಅನ್ನಿಸಿತು.

ಆಮೇಲೆ ಒಂದು ಕಡೆ ಒಂದು 4148, ಇನ್ನೊಂದು ಕಡೆ ಎರಡು 4148 ಸಾಲಾಗಿ. ಬಾಸ್ ಕಂಪನಿಯ ಎಸ್‌ಡಿ-1 ಪೆಡಲ್ 1981ರಿಂದ ಮಾಡುತ್ತಿರುವುದು ಇದನ್ನೇ. ಸಿಗ್ನಲ್‌ನ ಮೇಲಿನ ಅರ್ಧ ಒಂದು ಎತ್ತರಕ್ಕೆ, ಕೆಳಗಿನ ಅರ್ಧ ಇನ್ನೊಂದು ಎತ್ತರಕ್ಕೆ ಕತ್ತರಿಸುತ್ತದೆ. ಕೇಳಲು ವ್ಯತ್ಯಾಸ ಸಣ್ಣದು. ಎರಡು ತಂತಿ ಒಟ್ಟಿಗೆ ಬಾರಿಸಿದಾಗ ಉಸಿರಾಡಲು ಸ್ವಲ್ಪ ಜಾಗ ಸಿಕ್ಕ ಹಾಗಿತ್ತು. ಮೂರು ದಿನ ಬದಲಾಯಿಸಿ ಬದಲಾಯಿಸಿ ಕೇಳಿದೆ, ಕೊನೆಗೆ ಇದನ್ನೇ ಉಳಿಸಿಕೊಂಡೆ.

ಮಂದ್ರ ಜಾಸ್ತಿ ಬೇಕು ಅಂತ 473 ಕಿತ್ತು 0.1 ಮೈಕ್ರೋಫ್ಯಾರಡ್ ಕೂಡ ಹಾಕಿ ನೋಡಿದೆ. 720 ಇದ್ದದ್ದು 340 ಹರ್ಟ್ಸ್‌ಗೆ ಇಳಿಯುತ್ತದೆ. ಮನೆಯ ಆಂಪ್‌ನಲ್ಲಿ ದನಿ ತುಂಬಿಕೊಂಡು ಸೊಗಸಾಯಿತು, ಮೂಗಿನ ದನಿ ಹೋಯಿತು. ಜಾಮ್ ರೂಮಿನಲ್ಲಿ ಮಾತ್ರ ಮತ್ತೆ ಅದೇ ಹಿಟ್ಟು. ನಾನು ಬ್ಯಾಂಡಿಗಾಗಿ ಇಟ್ಟುಕೊಂಡದ್ದು, ಅದಕ್ಕೇ 473 ವಾಪಸ್ ಬಂತು. ಮನೆಯಲ್ಲೇ ನುಡಿಸುವವರಾದರೆ 0.1 ಹಾಕಿಕೊಳ್ಳಿ, ಒಂದು ಕೆಪಾಸಿಟರ್ ಅಷ್ಟೇ.

ಕೊನೆಯ ಕೆಲಸ

ಡಿಸಿ ಜಾಕ್‌ನ ಕೆಂಪು ವೈರನ್ನು ನಡುವೆ ಕತ್ತರಿಸಿ 1ಎನ್5817 ಡಯೋಡನ್ನು ಸಾಲಿನಲ್ಲೇ ಸೇರಿಸಿದೆ, ಪಟ್ಟೆ ಬೋರ್ಡಿನ ಕಡೆಗೆ. ಮೇಲೆ ಸ್ಲೀವ್ ಏರಿಸಿದೆ. ಇನ್ನು ಯಾರಾದರೂ ಉಲ್ಟಾ ಅಡಾಪ್ಟರ್ ಹಾಕಿದರೆ ಕರೆಂಟ್ ಒಳಗೇ ಬರುವುದಿಲ್ಲ, ಏನೂ ಸುಡುವುದಿಲ್ಲ. ಇದು ಸ್ವಲ್ಪ ವೋಲ್ಟೇಜ್ ತಿನ್ನುತ್ತದೆ. ಐಸಿಯ 8ನೇ ಕಾಲಿನಲ್ಲಿ 9.0 ಇದ್ದದ್ದು 8.8 ಆಯಿತು, ಕಿವಿಗೆ ಗೊತ್ತಾಗುವುದಿಲ್ಲ.

ಅಡಾಪ್ಟರ್‌ನಲ್ಲಿ ಒಂದು ತೆಳು ಕುಯ್ ಅನ್ನುವ ಸದ್ದು ಇತ್ತು. ಬ್ಯಾಟರಿ ಹಾಕಿದಾಗ ಅದು ಹೋಯಿತು, ಅಂದರೆ ಪೆಡಲ್‌ದಲ್ಲ, ಅಡಾಪ್ಟರ್‌ನದ್ದು. ಒಂದೇ ಅಡಾಪ್ಟರ್‌ನಿಂದ ನನ್ನ ಡಿಲೇ (ಪ್ರತಿಧ್ವನಿ ಕೊಡುವ) ಪೆಡಲ್‌ಗೂ ಕರೆಂಟ್ ಹಂಚಿದ್ದೆ. ಬೇರೆ ಬೇರೆ ಮಾಡಿದ ಮೇಲೆ ಸುಮ್ಮನಾಯಿತು. ಬ್ಯಾಟರಿಯಲ್ಲಿ ನುಡಿಸುವವರು ಒಂದು ನೆನಪಿಡಿ. ಇನ್‌ಪುಟ್ ಜಾಕ್‌ಗೆ ಕೇಬಲ್ ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಆನ್ ಇರುತ್ತದೆ, ಕಾಲಿನ ಸ್ವಿಚ್ ಆಫ್ ಇದ್ದರೂ. ನುಡಿಸಿ ಆದ ಮೇಲೆ ಕೇಬಲ್ ಕಿತ್ತಿಡಿ.

ಮುಚ್ಚಳ ಹಾಕಿ ನಾಲ್ಕು ಸ್ಕ್ರೂ ಬಿಗಿದೆ. ಡಿಸಿ ಜಾಕ್ ಪಕ್ಕದಲ್ಲಿ ಬಿಳಿ ಪೇಂಟ್ ಮಾರ್ಕರ್‌ನಿಂದ ದಪ್ಪಗೆ ಬರೆದೆ: 9 ವೋಲ್ಟ್, ಒಳಗೆ ಮೈನಸ್.